ಠಣ್ ಅನ್ನದ ಐದುನೂರು

ಬಂದವರು ಕೂರ್ರಿ. ಕೂತವರು ಇನ್ನೊಬ್ಬರ ಬೆನ್ನಿಗೆ ಒರಗಬೇಡ್ರಿ, ಅವರಿಗೂ ಬೆನ್ನು ನೋಯುತ್ತೆ. ನಗು ಬಂದರೆ ನಗ್ರಿ. ಆದರೆ ‘ಮುಂದೇನಾತು, ಮುಂದೇನಾತು’ ಅಂತ ನನ್ನನ್ನು ದಬ್ಬಬೇಡ್ರಿ. ನಾನು ಏಳ್ರಿ ಅನ್ನುವ ತನಕ ಕೂತಿರಿ, ಅಷ್ಟು ಸಾಕು.

ಕಂಪನಿ ಸರ್ಕಾರದ ಕಾಲ. ಬಳ್ಳಾರಿಗೆ ಅರ್ಧ ದಿನದ ದಾರಿಯ ಒಂದು ಊರು. ಆ ಊರಲ್ಲಿ ಕಂಬಳಿ ನೇಯುವವರ ಓಣಿ. ಓಣಿಯ ಮೊದಲ ಮನೆ ಕೆಂಚವ್ವನದು. ಗಂಡ ಸತ್ತ ಮೇಲೂ ಮಗ್ಗ ನಿಲ್ಲಿಸಿದವಳಲ್ಲ. ಬಾಯಿ ಜೋರು, ಕೈ ಶುದ್ಧ. ಓಣಿಯವರು ನೇಯ್ದ ಕಂಬಳಿಯನ್ನೆಲ್ಲ ಅವಳೇ ಒಟ್ಟುಮಾಡಿ ಬಳ್ಳಾರಿಯಲ್ಲಿ ಮಾರಿಸುವಳು, ಬಂದ ದುಡ್ಡನ್ನು ಮನೆಮನೆಗೆ ಹಂಚುವಳು. ಒಂದು ಕಾಸು ಆಚೀಚೆ ಆಗಿದ್ದು ಯಾರೂ ಕಂಡಿಲ್ಲ.

ಅವಳಿಗೆ ಒಬ್ಬನೇ ಮಗ, ಮಾಳ. ಮೈಯಲ್ಲಿ ಎತ್ತಿನ ಕಸುವು. ತಲೆ? ತಲೆಯೂ ಇತ್ತು, ರುಮಾಲು ಸುತ್ತೋದಕ್ಕೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ, ಅದೇ ಅವನ ರೋಗ. ‘ಒಲೆ ಮೇಲಿನ ಹಾಲು ಉಕ್ಕುತ್ತೆ, ನೋಡ್ತಾ ಇರು’ ಅಂದರೆ, ಉಕ್ಕುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂರುವನು.

“ಎಲ್ಲಾರ ಹೊಟ್ಟ್ಯಾಗ ಮಕ್ಕಳು ಹುಟ್ಟತಾವ, ನನ್ನ ಹೊಟ್ಟ್ಯಾಗ ಬೀಸೋಕಲ್ಲು ಹುಟ್ಟೈತಲ್ಲೋ!” ಅಂತ ಕೆಂಚವ್ವ ಹಣೆ ಚಚ್ಚಿಕೊಳ್ಳುವಳು.

“ನೋವು ಆತೇನವ್ವಾ ಆಗ?” ಅಂತ ಮಾಳ ಕನಿಕರದಿಂದ ಕೇಳುವನು.

ಒಂದು ದಿನ ಒಂದು ಕಂಬಳಿ ಹೆಗಲಿಗೆ ಹಾಕಿ ದಂಡಿನ ಬಜಾರಿಗೆ ಕಳಿಸಿದಳು. “ಮಾರಿ ರೂಪಾಯಿ ತಗಂಡು ಬಾ.” ಮಾಳ ಹೋದ, ಮಾರಿದ, ರೂಪಾಯಿ ತಂದ. ಕೆಂಚವ್ವ ರೂಪಾಯಿಯನ್ನು ಬಾಗಿಲ ಮುಂದಿನ ಕಲ್ಲಿಗೆ ಬಡಿದಳು. ದಪ್ ಅಂತು. ಸೀಸದ್ದು!

“ಖೋಟಾ ರೂಪಾಯಿ ತಂದೀಯಲ್ಲಲೇ! ಬಡಿದು ನೋಡಬಾರದೇನು?”

“ರೂಪಾಯಿ ಕೊಟ್ಟಾವನ್ನ ಹೆಂಗ ಬಡೀಲವ್ವಾ?”

“ಅವನನ್ನಲ್ಲೋ, ರೂಪಾಯಿನ್ನ! ಯಾರೇ ಹಣ ಕೊಡಲಿ, ಮೊದಲು ಕಲ್ಲಿಗೆ ಬಡಿ. ಠಣ್ ಅಂದ್ರ ತಗಾ. ದಪ್ ಅಂದ್ರ ಒಗದು ಬಾ. ತಿಳೀತೇನು?”

“ತಿಳೀತು. ಠಣ್ ಅಂದ್ರ ತಗೋದು. ದಪ್ ಅಂದ್ರ ಒಗೆಯೋದು.”

ಮಾಳನಿಗೆ ಒಂದು ಮಾತು ತಿಳಿಯುವುದು ಕಷ್ಟ. ತಿಳಿದ ಮೇಲೆ ಅದನ್ನು ಅವನ ತಲೆಯಿಂದ ಹೊರಗೆ ಹಾಕುವುದು ಇನ್ನೂ ಕಷ್ಟ. ಇದನ್ನು ನೆನಪಿಟ್ಟುಕೊಳ್ಳಿ.

ಆ ವರ್ಷ ಓಣಿಗೆ ದೊಡ್ಡ ವ್ಯಾಪಾರ ಕುದುರಿತು. ಓಣಿಯ ಅಷ್ಟೂ ಕಂಬಳಿಯನ್ನು ದಂಡಿನವರು ಒಂದೇ ಸಲಕ್ಕೆ ಕೊಂಡರು. ನಡುವೆ ನಿಂತು ಮಾಡಿಸಿದವನು ಬಳ್ಳಾರಿಯ ಪಾಪಯ್ಯ ಶೆಟ್ಟಿ. ಐದುನೂರು ರೂಪಾಯಿ! ಇಡೀ ಓಣಿಯ ಒಂದು ವರ್ಷದ ದುಡಿಮೆ. ಮಾಲು ಹೋಗಿತ್ತು, ಹಣ ಬರಬೇಕಿತ್ತು.

ಯಾಕೆ ಅವಸರ ಅಂದರೆ, ಯುಗಾದಿ ಕಳೆದ ಕೂಡಲೇ ರಾಯದುರ್ಗದ ಕಡೆಯ ಕುರಿಗಾರರು ಕತ್ತೆಗಳ ಮೇಲೆ ಉಣ್ಣೆ ಹೇರಿಕೊಂಡು ಬರುತ್ತಾರೆ. ಅವರಲ್ಲಿ ಉದ್ದರಿ ಮಾತಿಲ್ಲ. ಬೆಳ್ಳಿ ಎಣಿಸಿದರೆ ಉಣ್ಣೆ ಇಳಿಸುತ್ತಾರೆ, ಎಣಿಸದಿದ್ದರೆ ಆದೋನಿ ದಾರಿ ಹಿಡಿಯುತ್ತಾರೆ. ಅವರು ಹೋದರೆ ಓಣಿಯ ಮಗ್ಗಗಳೆಲ್ಲ ಮುಂದಿನ ಯುಗಾದಿ ತನಕ ಖಾಲಿ. ಅಷ್ಟೂ ಮನೆಯವರು ಕೆಂಚವ್ವನನ್ನು ನಂಬಿ ಕಂಬಳಿ ಕೊಟ್ಟಿದ್ದರು. 

ಅಂಥ ಹೊತ್ತಿನಲ್ಲೇ ಕಂಬಳಿ ತುಳಿಯುವ ಕಲ್ಲಿನ ಮೇಲೆ ಕಾಲು ಜಾರಿ ಪಾದ ಉಳುಕಿಸಿಕೊಂಡಳು. ಮಡಕೆಯಷ್ಟು ಬಾವು. ಓಣಿಯ ಗಂಡಸರು ಹತ್ತಿ ಗಾಡಿ ಹೊಡೆಯುವ ಕೂಲಿಗೆ ಹೋಗಿದ್ದರು. ಉಳಿದವನು ಪಕ್ಕದ ಮನೆಯ ಸಿದ್ದಜ್ಜ, ಅವನಿಗೆ ಕೋಲು ಹಿಡಿದರೂ ಬಾವಿ ತನಕ ನಡೆಯೋದೇ ಸಾಹಸ. ಶೆಟ್ಟಿ ಬೇರೆ ಹೇಳಿ ಕಳಿಸಿದ್ದ: ಹಣ ಕೆಂಚವ್ವನ ಕೈಗೆ, ಇಲ್ಲ ಅವಳ ಮಗನ ಕೈಗೆ, ಮೂರನೆಯವರಿಗೆ ಇಲ್ಲ.

“ಮಾಳಾ, ನೀನೇ ಹೋಗಬೇಕಲ್ಲೋ” ಅಂದಳು ಕೆಂಚವ್ವ. ಅನ್ನುವಾಗಲೇ ಅವಳಿಗೆ ಅಳು ಬಂತು.

ಮಾಳ ಹೋದ. ಶೆಟ್ಟಿ ಗಾದಿಯ ಮೇಲೆ ಕೂತಿದ್ದ. ಪೆಟ್ಟಿಗೆ ತೆಗೆದು ಮಡಚಿದ ಕಾಗದವೊಂದನ್ನು ಕೊಟ್ಟ. “ತಗೊಳ್ಳಪ್ಪ. ಐದುನೂರರ ನೋಟಿಂದು. ಅವ್ವನ ಕೈಗೆ ಕೊಡು.”

ಈ ನೋಟಿನ ಮಾತು ನಿಮಗೆ ಹೇಳಬೇಕು. ಆಗ ಮದ್ರಾಸಿನಲ್ಲಿ ನಾಲ್ಕು ಜನ ದೊರೆಗಳು ಕೂಡಿ ತಮ್ಮದೇ ಒಂದು ಬ್ಯಾಂಕು ಇಟ್ಟು ತಮ್ಮದೇ ನೋಟು ಅಚ್ಚು ಹಾಕಿಸಿದ್ದರು. ಸರ್ಕಾರದ್ದಲ್ಲ, ಅವರ ಸ್ವಂತದ್ದು. ಐದು ಹತ್ತರ ನೋಟಲ್ಲ. ನೂರು, ಐದುನೂರು, ಸಾವಿರ. ಬಡವರು ಅದರ ಮುಖ ಕಂಡವರಲ್ಲ. ಬ್ಯಾಂಕಿನ ಕಚೇರಿಗೆ ಒಯ್ದು ತೋರಿಸಿದರೆ ಬೆಳ್ಳಿ ಎಣಿಸಿ ಕೊಡುತ್ತಿದ್ದರು. ಬಳ್ಳಾರಿಯಲ್ಲೂ ಅವರದೊಂದು ಕಚೇರಿ ಇತ್ತು. ದೊರೆಗಳು ಕೊಡುತ್ತಾರೆ ಅನ್ನುವ ನಂಬಿಕೆ ಇರುವ ತನಕ ಕಾಗದ ಹಣ. ನಂಬಿಕೆ ಹೋದರೆ ಕಾಗದ ಕಾಗದ.

ಮಾಳನಿಗೆ ಇದೆಲ್ಲ ಏನು ಗೊತ್ತು? ಅಂಗಡಿ ಕಟ್ಟೆಯ ಕಲ್ಲಿಗೆ ಕಾಗದವನ್ನು ಬಡಿದ. ಸದ್ದಿಲ್ಲ. ಇನ್ನೊಮ್ಮೆ ಬಡಿದ. ಕಿವಿಯಿಟ್ಟು ಕೇಳಿದ. ಠಣ್ ಇಲ್ಲ.

“ಖೋಟಾ!” ಅಂದ. ಶೆಟ್ಟಿಯ ಮುಖಕ್ಕೆ ಒಗೆದ. ತಿರುಗಿ ನೋಡದೆ ಊರಿಗೆ ಬಂದ.

ಕೆಂಚವ್ವ ಬಾಗಿಲಲ್ಲೇ ಕಾಯುತ್ತಿದ್ದಳು. “ತಂದೇನಲೇ?”

“ತರಲಿಲ್ಲವ್ವಾ. ಶೆಟ್ಟಿ ಬಾಳ ಕೆಟ್ಟಾವ. ಕಾಗದ ಕೊಟ್ಟ. ಬಡಿದೆ. ಠಣ್ ಅನ್ನಲಿಲ್ಲ. ಮಾರಿಗೇ ಒಗದು ಬಂದೆ.”

“ಅಯ್ಯೋ ಹಾಳಾದವನೇ! ಅದು ನೋಟಲೇ! ಕಾಗದ ಎಲ್ಲ್ಯಾರ ಠಣ್ ಅಂತೈತೇನು? ಶೆಟ್ಟಿ ಮಾರಿಗೆ ಒಗದೀಯಲ್ಲ, ಇನ್ನು ನಾನು ಯಾವ ಮಾರಿ ತೋರಿಸ್ಲಿ?”

“ಇರೋದು ಒಂದೇ ಮಾರಿ ಅಲ್ಲೇನವ್ವಾ?”

ಅವಳ ಕೈಗೆ ಸಿಕ್ಕಿದ್ದು ಮಗ್ಗದ ಲಾಳಿ. ಬೀಸಿ ಎಸೆದಳು. ಮಾಳ ಎತ್ತಿ ತಂದು ಜೋಪಾನವಾಗಿ ಅವಳ ಕೈಗೇ ಕೊಟ್ಟ.

“ಕೇಳಿಲ್ಲಿ. ನಾಳೆ ಹೋಗಿ ಶೆಟ್ಟರ ಕಾಲಿಗೆ ಬೀಳು. ಕಾಗದ ಕೊಟ್ರ ಸಣ್ಣಗ ಮಡಚಿ ರುಮಾಲಿನಾಗ ಇಟ್ಕಾ. ಯಾರಿಗೂ ತೋರಿಸಬ್ಯಾಡ. ಯಾರು ಕೇಳಿದ್ರೂ ‘ನನ್ನ ಹಂತೇಲಿ ಏನಿಲ್ಲ’ ಅನ್ನು.”

“ತಿಳೀತು. ಯಾರು ಕೇಳಿದ್ರೂ ಏನಿಲ್ಲ.”

ಮರುದಿನ ಮಾಳ ಹೋಗಿ ಶೆಟ್ಟಿಯ ಕಾಲಿಗೆ ಬಿದ್ದ. ಎಷ್ಟು ಜೋರಾಗಿ ಬಿದ್ದ ಅಂದರೆ ಶೆಟ್ಟಿ ಗಾದಿಯಿಂದ ಉರುಳಿದ. ಆದರೂ ಮನುಷ್ಯ ಕೆಟ್ಟವನಲ್ಲ, ನಕ್ಕ. ತನ್ನ ಪೆಟ್ಟಿಗೆಯ ತುಂಬ ಅಂಥದೇ ನೋಟುಗಳು ಇದ್ದದ್ದರಿಂದ ನಗುವುದು ಅವನಿಗೆ ಸುಲಭವಾಗಿತ್ತು.

“ನಿನಗೆ ಕೊಟ್ಟದ್ದು ಅರ್ಧ ನೋಟಪ್ಪಾ, ಬಿಚ್ಚಿಯಾದರೂ ನೋಡಿದ್ದೆಯೇನು? ಇನ್ನರ್ಧ ಮದ್ರಾಸಿನಿಂದ ಬರಬೇಕು. ದೊಡ್ಡ ನೋಟನ್ನ ಟಪ್ಪಾಲಿನಲ್ಲಿ ಕಳಿಸುವಾಗ ನಡುವೆ ಕತ್ತರಿಸಿ ಎರಡು ಮಾಡ್ತಾರೆ. ದಾರೀಲಿ ಕಳ್ಳರು ಒಂದು ತುಂಡು ಕದ್ದರೂ ಅದರಿಂದ ಅವರಿಗೆ ಒಂದು ಕಾಸೂ ಹುಟ್ಟಲ್ಲ.” ಶೆಟ್ಟಿಗೆ ಬುದ್ಧಿ ಹೇಳುವ ಹುರುಪು ಬಂತು. ಬೆರಳೆತ್ತಿದ. “ದೊಡ್ಡ ಹಣ ಯಾವತ್ತೂ ಒಂದೇ ದಾರೀಲಿ ಹೋಗಬಾರದು. ಮೊದಲು ಅರ್ಧ ಕಳಿಸು. ಮುಟ್ಟಿತು ಅಂತ ಟಪ್ಪಾಲಿನಲ್ಲಿ ಕಾಗದ ಬಂದ ಮೇಲೆ ಇನ್ನರ್ಧ. ಕಾಗದ ಬರೋ ತನಕ ಇನ್ನರ್ಧ ಎಲ್ಲಿದೆ ಅಂತ ಹೆತ್ತ ತಾಯಿಗೂ ಬಾಯಿ ಬಿಡಬಾರದು. ತಿಳೀತಾ?”

“ತಿಳೀತ್ರಿ” ಅಂದ ಮಾಳ.

ಪಾಪ, ಶೆಟ್ಟಿ. ಸುಮ್ಮನೆ ತುಂಡು ಕೊಟ್ಟು ಕಳಿಸಿದ್ದರೆ ಆಗುತ್ತಿತ್ತು.

ಮಾಳ ಅರ್ಧ ನೋಟನ್ನು ಮಡಚಿ ಮಡಚಿ ರುಮಾಲಿನೊಳಗೆ ಸೇರಿಸಿ ಮನೆಗೆ ಬಂದ.

“ಕಾಗದ ಎಲ್ಲೈತಲೇ?” ಅಂದಳು ಕೆಂಚವ್ವ.

“ನನ್ನ ಹಂತೇಲಿ ಏನಿಲ್ಲ.”

“ಶೆಟ್ಟಿ ಕೊಡಲಿಲ್ಲೇನು?”

“ನನ್ನ ಹಂತೇಲಿ ಏನಿಲ್ಲ.”

“ದಾರ್‍ಯಾಗ ಕಳಕಂಡೇನೋ? ಖರೇ ಹೇಳೋ, ನನ್ನಪ್ಪಾ!”

“ನನ್ನ ಹಂತೇಲಿ ಏನಿಲ್ಲ.”

ಕೆಂಚವ್ವ ಎದೆ ಬಡಿದುಕೊಂಡಳು. ಓಣಿಯ ಹೆಂಗಸರೆಲ್ಲ ಓಡಿಬಂದರು. ‘ಕಂಬಳಿ ಹೋತು, ಹಣಾನೂ ಹೋತು’ ಅಂತ ಒಬ್ಬಳು ಶುರುಮಾಡಿದಳು, ಮಿಕ್ಕವರು ದನಿಗೂಡಿಸಿದರು. ಮಾಳನಿಗೂ ದುಃಖ ಬಂತು. ಅವನೂ ಅತ್ತ. ಮೂಗು ಒರೆಸಿಕೊಳ್ಳಲಿಕ್ಕೆ ರುಮಾಲು ಬಿಚ್ಚಿದ. ಅರ್ಧ ನೋಟು ಕೆಂಚವ್ವನ ಮಡಿಲಿಗೆ ಬಿತ್ತು.

ಒಂದು ಮಗ್ಗುಲಿಗೆ ಮಾತ್ರ ಅಚ್ಚು, ಇನ್ನೊಂದು ಮಗ್ಗುಲು ಬೋಳು. ತುದಿಯಲ್ಲಿ ಒಂದು ಹೆಂಗಸಿನ ಚಿತ್ರ, ಅದೂ ಅರ್ಧ. ಒಂದೇ ಕಣ್ಣು, ಒಂದೇ ಕೈ.

“ಏನಲೇ ಇದು? ಹರಕೊಂಡು ಬಂದೀಯಾ?”

ಸಿದ್ದಜ್ಜ ಸಮಾಧಾನ ಮಾಡಿದ. “ಇಲ್ಲವ್ವಾ ಕೆಂಚೀ. ದೊಡ್ಡ ನೋಟು ಹಿಂಗೇ ಬರತಾವ. ಇನ್ನೊಂದು ತುಂಡೂ ಬರತೈತಿ. ಎರಡರ ಮ್ಯಾಲೂ ಒಂದೇ ನಂಬರು ಇರತೈತಿ. ಸರಿಯಾಗಿ ಅಂಟಿಸಿದ್ರ ಮುಗೀತು.”

ಕೆಂಚವ್ವ ಕಣ್ಣೊರೆಸಿಕೊಂಡು ಮಗನ ಕಿವಿ ಹಿಡಿದಳು. “ಕಳ್ಳರು ಕೇಳಿದ್ರ ಇಲ್ಲ ಅನ್ನಬೇಕಲೇ, ತಾಯಿ ಕೇಳಿದ್ರಲ್ಲ! ಇನ್ನೊಂದು ತುಂಡು ತಂದ ಕೂಡ್ಲೇ ನನಗೆ ತೋರಿಸು. ಆಮ್ಯಾಲ ನಂಬರಿಗೆ ನಂಬರು ಸರಿಯಾಗಿ ಕೂಡಿಸಿ ಅಂಟಿಸೋಣು.”

“ತಿಳೀತು. ನಂಬರಿಗೆ ನಂಬರು.”

ವಾರ ಕಳೆಯಿತು. ಮಾಳ ಇನ್ನೊಂದು ತುಂಡು ತಂದ. ತಂದ ಕೂಡಲೇ ತೋರಿಸಿದ. ಕೆಂಚವ್ವನಿಗೆ ಹಿಗ್ಗೋ ಹಿಗ್ಗು. ಕಂಬಳಿ ನೇಯುವವರ ಮನೆಯಲ್ಲಿ ಅಂಟಿಗೇನು ಬರ? ಹಾಸು ನೂಲಿಗೆ ಹಚ್ಚಲು ಹುಣಸೆಬೀಜ ಅರೆದು ಕುದಿಸಿದ ಸರಿ ಹಿತ್ತಲ ಗಡಿಗೆಯಲ್ಲಿ ಇದ್ದೇ ಇತ್ತು. ಒಮ್ಮೆ ಹಿಡಿದರೆ ಬಿಡದ ಅಂಟು ಅದು. ಕೆಂಚವ್ವನಿಗೆ ಹಿತ್ತಲಿನ ತನಕ ಕಾಲು ಊರಲು ಆಗದು.

“ಹೋಗಪ್ಪಾ, ನೀನೇ ಅಂಟಿಸಿ ತಗಂಡು ಬಾ. ನಂಬರಿಗೆ ನಂಬರು, ನೆನಪೈತಲ್ಲ?”

ಮಾಳ ಹೋದ. ಈ ತುಂಡಿನ ನಂಬರು ನೋಡಿದ, ಆ ತುಂಡಿನ ನಂಬರು ನೋಡಿದ. ಒಂದರ ಮುಖಕ್ಕೆ ಬಳಬಳ ಸರಿ ಬಳಿದ. ನಂಬರಿನ ಮೇಲೆ ನಂಬರು ಇಟ್ಟು, ಮುಖಕ್ಕೆ ಮುಖ ಕೂಡಿಸಿ, ಮೇಲೆ ಒಂದು ಕಲ್ಲು ಹೇರಿ, ಕಲ್ಲಿನ ಮೇಲೆ ತಾನೇ ಕೂತ.

“ಆತೇನೋ?” ಕೆಂಚವ್ವ ಒಳಗಿಂದ ಕೂಗಿದಳು.

“ಆತವ್ವಾ! ನಂಬರಿಗೆ ನಂಬರು ಎಷ್ಟು ಛಲೋ ಕೂಡ್ಯಾವಂದ್ರ, ಎರಡೂ ಕಾಣಂಗೇ ಇಲ್ಲ!”

ತಂದು ಕೊಟ್ಟ. ಅರ್ಧ ನೋಟಿನಷ್ಟೇ ಉದ್ದ, ರೊಟ್ಟಿಯಷ್ಟು ದಪ್ಪ, ಎರಡೂ ಮಗ್ಗುಲು ಬೋಳು. ಹೆಂಗಸೂ ಇಲ್ಲ, ನಂಬರೂ ಇಲ್ಲ, ಐದುನೂರೂ ಇಲ್ಲ. ಕೆಂಚವ್ವ ಬೈಯಲಿಲ್ಲ. ಬೈಯಲು ಉಸಿರೇ ಇರಲಿಲ್ಲ. ಆಮೇಲೆ ಉಸಿರು ಬಂತು ನೋಡಿ, ಓಣಿಯ ನಾಯಿಗಳೆಲ್ಲ ಎದ್ದು ಹೋದವು.

“ಬಿಡಿಸಿ ಕೊಡ್ಲೇನವ್ವಾ?” ಮಾಳ ಎರಡೂ ತುದಿ ಹಿಡಿದು ಜಗ್ಗಲು ಹೊರಟ.

“ಮುಟ್ಟಬ್ಯಾಡ! ಜಗ್ಗಿದ್ರ ಹರಿದು ಹೋಗತೈತಿ! ಅಂಟಿಕೊಂಡದ್ದನ್ನ ಯಾವತ್ತೂ ಜಗ್ಗಬಾರದಲೇ. ನೀರು ಹಾಕಬೇಕು. ನೀರು ಹಾಕಿದ್ರ ತಾನಾಗೇ ಬಿಡತೈತಿ.”

ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟು, ಕೂಸಿನ ಕಣ್ಣಿನ ಪಿಸುರು ತೆಗೆಯುವ ಹಾಗೆ ಒಂದೊಂದೇ ಅಂಚು ಬಿಡಿಸಿದಳು. ದೊರೆಗಳ ಕಾಗದ ಗಟ್ಟಿ, ಹರಿಯಲಿಲ್ಲ. ನೆರಳಲ್ಲಿ ಒಣಗಿಸಿ, ತಾನೇ ಕೂತು ಅಂಚಿಗೆ ಅಂಚು ಕೂಡಿಸಿ, ಹಿಂದೆ ತೆಳು ಬಟ್ಟೆಯ ಪಟ್ಟಿ ಹಚ್ಚಿದಳು. ಆ ಹೆಂಗಸಿಗೆ ಎರಡು ಕಣ್ಣು ಬಂತು, ಎರಡು ಕೈ ಬಂತು. ಕೆಂಚವ್ವ ಅವಳಿಗೆ ಕೈಮುಗಿದಳು.

ಯುಗಾದಿ ಆಯಿತು. ಕುರಿಗಾರರು ನಾಳೆ ಬರುತ್ತಾರೆ ಅಂತ ಸುದ್ದಿ. ಇನ್ನು ನೋಟನ್ನು ಬೆಳ್ಳಿ ಮಾಡುವುದೊಂದೇ ಬಾಕಿ. ಕೆಂಚವ್ವ ನಸುಕಿಗೇ ಮಗನನ್ನು ಎಬ್ಬಿಸಿದಳು. ಹೆಗಲಿಗೆ ಖಾಲಿ ಚೀಲ, ಸೊಂಟಕ್ಕೆ ಕುಡಿಯುವ ನೀರಿನ ಸೋರೆಬುರುಡೆ ಕಟ್ಟಿದಳು.

“ಸೀದಾ ಬ್ಯಾಂಕಿನ ಕಚೇರಿಗೆ ಹೋಗು. ನೋಟು ಕೊಡು, ಬೆಳ್ಳಿ ತಗಾ. ಒಂದೊಂದು ರೂಪಾಯಿನೂ ಬಡಿದು ನೋಡು. ಬ್ಯಾರೆ ಏನೂ ಮಾಡಬ್ಯಾಡ, ನಿನಗ ಕೈ ಮುಗೀತೀನಿ.”

“ತಿಳೀತವ್ವಾ.”

ಬ್ಯಾಂಕಿನ ಮುಂದೆ ಜನವೋ ಜನ. ಏನಾಗಿತ್ತು ಅಂದರೆ, ಮದ್ರಾಸಿನ ಬ್ಯಾಂಕು ಅಲ್ಲಾಡುತ್ತಿದೆ ಅಂತ ಗಾಳಿ ಎದ್ದಿತ್ತು. ನೋಟು ಇದ್ದವರೆಲ್ಲ ನೋಟು ಹಿಡಿದು ಬಂದು ನಿಂತಿದ್ದರು. ಪಾಪಯ್ಯ ಶೆಟ್ಟಿ ತನ್ನ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ. ಒಳಗಿನ ದೊರೆಗೆ ಬೆವರು. ಜನರಿಗೆ ಧೈರ್ಯ ಬರಲಿ ಅಂತ ಅವನು ದಂಡಿನ ಕರ್ನಲ್ ಸಾಹೇಬನನ್ನು ಕರೆಸಿದ್ದ. ಇಬ್ಬರೂ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕಾಣುವ ಹಾಗೆ, ಕೈಗೆ ಕೈ ಕೊಟ್ಟು ಕುಲುಕಿದರು. ಕುಲುಕಿದರು, ಕುಲುಕಿದರು, ಬಿಡಲೇ ಇಲ್ಲ. ಬಿಟ್ಟರೆ ಜನ ಮತ್ತೆ ಕೂಗಬಹುದು ಅನ್ನುವ ಹೆದರಿಕೆ.

ಮಾಳ ಅಂಥದ್ದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗಂಡಸರು ಕಂಡರೆ ಕೈಮುಗಿಯುತ್ತಾರೆ, ಸಲಾಮು ಮಾಡುತ್ತಾರೆ. ಇವರು ಒಬ್ಬರ ಕೈ ಒಬ್ಬರು ಹಿಡಿದು ಜಗ್ಗಾಡುತ್ತಿದ್ದಾರೆ, ಬಿಡಿಸಿಕೊಳ್ಳಲು ಆಗುತ್ತಿಲ್ಲ!

“ಅಯ್ಯೋ, ಅಂಟಿಕೊಂಡುಬಿಟ್ಟಾವ!” ಅಂದ. ಜನರನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿದ. “ಜಗ್ಗಬ್ಯಾಡ್ರೀ ಸಾಯೇಬರೇ, ಹರಿದು ಹೋಗತೈತಿ!” ಸೋರೆಬುರುಡೆ ಬಿಚ್ಚಿ ಇಬ್ಬರ ಕೈಮೇಲೂ ಬುಳುಬುಳು ನೀರು ಸುರಿದ.

ದೊರೆ ಕೈ ಬಿಟ್ಟ. ಕರ್ನಲ್ ಹಾರಿ ಹಿಂದೆ ಸರಿದ.

“ಬಿಡ್ತು ನೋಡ್ರಿ!” ಅಂದ ಮಾಳ.

ನೆರೆದ ಜನ ಹೊಟ್ಟೆ ಹಿಡಿದು ನಕ್ಕರು. ಕೂಗಲು ಬಂದವರೆಲ್ಲ ನಗುವುದರಲ್ಲಿ ಬಿದ್ದರು. ದೊರೆಯ ಮುಖ ಕೆಂಪಗಾಯಿತು. “ಈ ಹುಚ್ಚನ ನೋಟು ಯಾವುದಿದೆ, ಹಣ ಎಣಿಸಿ ಹೊರಗೆ ಹಾಕಿ!” ಅಂತ ಅರಚಿದ.

ಎಣಿಸಿದರು. ಮಾಳ ಬಿಡುತ್ತಾನೆಯೇ? ಮೆಟ್ಟಿಲ ಕಲ್ಲಿಗೆ ಒಂದೊಂದನ್ನೇ ಬಡಿದ. ಠಣ್. ಚೀಲಕ್ಕೆ. ಠಣ್. ಚೀಲಕ್ಕೆ. ಠಣ್, ಠಣ್, ಠಣ್. ಮೊದಮೊದಲು ಜನ ನಕ್ಕರು. ಆಮೇಲೆ ಸುಮ್ಮನಾದರು. ಆಮೇಲೆ ಆ ಸದ್ದು ಅವರ ಕಿವಿಗೆ ಹಿತವಾಯಿತು. ಇಷ್ಟು ಹೊತ್ತು ಬೆಳ್ಳಿ ಸದ್ದು ಮಾಡುತ್ತಿದೆ ಅಂದರೆ ಒಳಗೆ ಎಷ್ಟಿರಬೇಡ! ಸುಮ್ಮನೆ ಹೆದರಿದೆವಲ್ಲ ಅಂದುಕೊಂಡು ಒಬ್ಬೊಬ್ಬರೇ ಮನೆ ಕಡೆ ನಡೆದರು. ಪಾಪಯ್ಯ ಶೆಟ್ಟಿಯೂ ಪೆಟ್ಟಿಗೆ ಹೊತ್ತು ಹೋದ. ದೊರೆ ಆ ಹೊತ್ತಿಗೆ ಕೋಪ ಬಿಟ್ಟು, “ಬಡಿ, ಇನ್ನೂ ಜೋರಾಗಿ ಬಡಿ” ಅನ್ನುತ್ತಿದ್ದ.

ಅವತ್ತು ಹೊತ್ತು ಮುಳುಗುವಾಗ ಮಾಳ ಊರಿಗೆ ಬಂದ. ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಚೀಲ ತಂದು ಅವ್ವನ ಮುಂದಿಟ್ಟ. ಕೆಂಚವ್ವ ಕೈ ಹಾಕಿ ನೋಡಿದಳು. ಬೆಳ್ಳಿ! ಎಲ್ಲವೂ ಖರೆ ಬೆಳ್ಳಿ! ಮಗನ ತಲೆ ಸವರಿ ನೆಟಿಗೆ ಮುರಿದಳು. ಸಿದ್ದಜ್ಜ ಎಣಿಸಲು ಕೂತ. ಎಣಿಸಿ ಮುಗಿಸಿ ತಲೆಯೆತ್ತಿದ.

“ಕೆಂಚೀ, ಇದು ಅರ್ಧ ಐತಲ್ಲವ್ವಾ. ಎರಡುನೂರಾ ಐವತ್ತು.”

ತಲೆ ಸವರುತ್ತಿದ್ದ ಕೈ ಕಿವಿಗೆ ಬಂತು. “ಇನ್ನರ್ಧ ಎಲ್ಲಲೇ?”

ಮಾಳ ಬೆರಳೆತ್ತಿದ, ಥೇಟು ಶೆಟ್ಟಿಯ ಹಾಗೆ. “ದೊಡ್ಡ ಹಣ ಒಂದೇ ದಾರ್‍ಯಾಗ ಬರಬಾರದವ್ವಾ. ಈ ದಾರಿಗೊಂದು, ಆ ದಾರಿಗೊಂದು ಅಂತ ಪಾಲು ಮಾಡೀನಿ. ಅರ್ಧ ಮುಟ್ಟಿತಂತ ನೀನು ಕಾಗದ ಬರಿ. ಆಮ್ಯಾಲ ಇನ್ನರ್ಧ.”

“ಎಲ್ಲಿಟ್ಟೀಯೋ ಅದನ್ನ?”

“ಹೆತ್ತ ತಾಯಿಗೂ ಹೇಳಂಗಿಲ್ಲ.”

ಬೈದಳು. ಹೇಳಲಿಲ್ಲ. ಹೊಡೆದಳು. ಹೇಳಲಿಲ್ಲ. ಬೆಲ್ಲ ಕೊಟ್ಟಳು. ತಿಂದ, ಹೇಳಲಿಲ್ಲ. ಕೆಂಚವ್ವ ರಾತ್ರಿಯೆಲ್ಲ ಎದ್ದು ಕೂತಿದ್ದಳು. ನಿಜವಾಗಿಯೂ ಹೆದರಿದ್ದಳು. ಬೆಳಿಗ್ಗೆ ಕುರಿಗಾರರು ಬಂದೇ ಬಂದರು. ಅವರ ಹಿರಿಯ ಅರ್ಧ ಹಣ ನೋಡಿ ತಲೆ ಅಲ್ಲಾಡಿಸಿದ. “ಬಿಡಿ ಮಾರಂಗಿಲ್ಲವ್ವಾ. ತಗಂಡ್ರ ಎಲ್ಲಾ ಉಣ್ಣೆ ತಗಾ. ಬಿಸಿಲು ಏರೋತನಕ ನೋಡ್ತೀವಿ. ಇಲ್ಲಂದ್ರ ಆದೋನಿಗೆ ಹೊಂಡ್ತೀವಿ.”

ಕೆಂಚವ್ವ ಕುಂಟಿಕೊಂಡೇ ಶಾನುಭೋಗರ ಮನೆಗೆ ಹೋದಳು. ಅವರು ನಗುತ್ತ ಎರಡು ಸಾಲು ಬರೆದುಕೊಟ್ಟರು. ತಂದು ಮಗನ ಕೈಗಿಟ್ಟಳು.

“ಹಿಂಗ ಕೈಯಾಗ ಕೊಟ್ರ ನಡಿಯಂಗಿಲ್ಲ. ಟಪ್ಪಾಲಿನಾಗ ಬರಬೇಕು” ಅಂದ ಮಾಳ.

ಪುಣ್ಯಕ್ಕೆ ಅದೇ ಹೊತ್ತಿಗೆ ಬಳ್ಳಾರಿ ಕಡೆಯಿಂದ ಟಪ್ಪಾಲಿನವನು ಗೆಜ್ಜೆ ಕೋಲು ಝಲ್ ಝಲ್ ಅನ್ನಿಸುತ್ತ ಓಡಿಬಂದ. ಕೆಂಚವ್ವ ಅಡ್ಡಗಟ್ಟಿ ಕೈಮುಗಿದಳು. ಅವನು ಏದುಸಿರಿನಲ್ಲಿ ಮೊದಲು ತನ್ನ ಸುದ್ದಿ ಹೇಳಿದ. “ಕೇಳಿದ್ರೇನು? ಬ್ಯಾಂಕು ಮುಳುಗೈತಿ! ದೊರೆ ರಾತ್ರಿನೇ ಓಡಿ ಹೋಗ್ಯಾನ. ನಿನ್ನೆ ಒಬ್ಬ ಕಲ್ಲಿಗೆ ಬಡಿದು ಬಡಿದು ಬೆಳ್ಳಿ ಒಯ್ದನಂತ, ಅವನ ಬಿಟ್ರ ಯಾರಿಗೂ ಸಿಕ್ಕಿಲ್ಲ. ಪಾಪಯ್ಯ ಶೆಟ್ಟಿ ನೋಟಿನ ಪೆಟ್ಟಿಗೆ ಮುಂದಿಟ್ಕಂಡು ಅಂಗಡಿ ಕಟ್ಟಿಕಲ್ಲನ್ನೇ ನೋಡ್ತಾ ಕುಂತಾನ.”

 ಕೆಂಚವ್ವ ಮಗನ ಕಡೆ ತಿರುಗಿದಳು. ಹಾಗಾದರೆ ಇಡೀ ಬಳ್ಳಾರಿಯಲ್ಲಿ ನೋಟನ್ನು ಬೆಳ್ಳಿ ಮಾಡಿಕೊಂಡು ಬಂದವನು ತನ್ನ ಮಗ ಒಬ್ಬನೇ. ಆ ಬೆಳ್ಳಿಯಲ್ಲಿ ಅರ್ಧ ಎಲ್ಲಿದೆ ಅಂತ ಗೊತ್ತಿರುವವನೂ ಅವನೊಬ್ಬನೇ. ಅವನ ಕೈಯಿಂದ ಕಾಗದ ಕಸಿದು ಟಪ್ಪಾಲಿನವನ ಕೈಗೆ ತುರುಕಿದಳು.

“ಅಪ್ಪಾ, ಈ ಕಾಗದ ಹಿಡಕಂಡು ಆ ಬೇವಿನ ಮರದ ತನಕ ಹೋಗಿ ತಿರುಗಿ ಬಂದು ಇವನಿಗೆ ಕೊಡಪ್ಪಾ!”

ಟಪ್ಪಾಲಿನವನು ಮರದ ತನಕ ಹೋದ, ಝಲ್ ಝಲ್ ಅಂತ ಬಂದ, ಕಾಗದ ಕೊಟ್ಟ. ಮಾಳ ಗಂಭೀರವಾಗಿ ತಗೊಂಡ. ಬಾಗಿಲ ಮುಂದಿನ ಕಲ್ಲಿಗೆ ಬಡಿದ. ಕಿವಿಯಿಟ್ಟ. ಠಣ್ ಇಲ್ಲ!

“ಖೋಟಾ!” ಅಂತ ಟಪ್ಪಾಲಿನವನ ಮುಖಕ್ಕೆ ಒಗೆದ.

ಕುರಿಗಾರರ ಹಿರಿಯ ಎದ್ದು ಕತ್ತೆಯ ಹಗ್ಗ ಬಿಚ್ಚಿದ. ಆಗ ಕೆಂಚವ್ವನಿಗೆ ಒಂದು ಹೊಳೆಯಿತು. ಇಪ್ಪತ್ತು ವರ್ಷ ಆ ಮಗನ ಜೊತೆ ಬಾಳಿದ್ದಕ್ಕೆ ಹೊಳೆಯಿತು, ಬೇರೆಯವರಿಗೆ ಹೊಳೆಯುತ್ತಿರಲಿಲ್ಲ. ಚೀಲದಿಂದ ಒಂದು ರೂಪಾಯಿ ತೆಗೆದು ಕಾಗದದೊಳಗೆ ಸುತ್ತಿ ಮತ್ತೆ ಟಪ್ಪಾಲಿನವನ ಕೈಗೆ ಕೊಟ್ಟಳು. ಮತ್ತೆ ಝಲ್ ಝಲ್. ಮಾಳ ಬಡಿದ.

ಠಣ್!

“ಇದು ಖರೇ ಕಾಗದ!” ಮಾಳ ಹಿಗ್ಗಿ ಹೊರಟ. ಒಬ್ಬ ಹುಡುಗ ಹಿಂದೆ ಹೋಗಲು ನೋಡಿದ. ಮಾಳ ದಾರಿಯಲ್ಲೇ ಕೂತುಬಿಟ್ಟ. “ಹಿಂದ ಯಾರಾರ ಬಂದ್ರ ಟಪ್ಪಾಲು ನಿಲ್ಲತೈತಿ.” ಹುಡುಗನನ್ನು ಕರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಮಾಳ ಗಂಟು ಹೊತ್ತು ಬಂದ. ಸಿದ್ದಜ್ಜ ಎಣಿಸಿದ.

“ಇದೂ ಅರ್ಧ ಐತಲ್ಲಲೇ! ಅರ್ಧದ ಅರ್ಧ!”

“ಮತ್ತ? ಉಳಿದದ್ದೂ ದೊಡ್ಡ ಹಣ ಅಲ್ಲೇನಜ್ಜಾ? ಒಂದೇ ದಾರ್‍ಯಾಗ ತರಬಾರದು. ಕಾಗದ ಕಳಿಸ್ರಿ.”

ಕುರಿಗಾರರ ಹಿರಿಯ ಹಗ್ಗವನ್ನು ಮತ್ತೆ ಕಟ್ಟಿ ಕೂತ. ಅವನಿಗೂ ಈಗ ನೋಡುವ ಆಸೆ ಹತ್ತಿತ್ತು. ಹೊತ್ತಾಯಿತೆಂದು ಟಪ್ಪಾಲಿನವನು ಹೊರಟುಹೋದ. ಬಾವಿ ತನಕ ನಡೆಯಲಾರದ ಸಿದ್ದಜ್ಜನೇ ಅವತ್ತು ತನ್ನ ಕೋಲಿಗೆ ಕುರಿಯ ಗಂಟೆ ಕಟ್ಟಿಕೊಂಡು ಬೇವಿನ ಮರಕ್ಕೂ ಬಾಗಿಲಿಗೂ ಓಡಾಡಿದ. ಅದೇ ಕಾಗದ, ಅದೇ ರೂಪಾಯಿ, ಅದೇ ಠಣ್. ಮಾಳ ಹೋದ, ಅರ್ಧ ತಂದ. ಮತ್ತೆ ಕಾಗದ, ಮತ್ತೆ ಅರ್ಧ. ಗಂಟು ಚಿಕ್ಕದಾಯಿತು, ಬೊಗಸೆಯಾಯಿತು, ಮುಷ್ಟಿಗೂ ಸಾಲದಷ್ಟಾಯಿತು. ಸರಿಪಾಲು ಆಗದೆ ಒಂದು ರೂಪಾಯಿ ಮಿಕ್ಕರೆ ಅದನ್ನು ಮುಂದಿನ ಪಾಲಿಗೆ ಬಿಟ್ಟುಬರುವನು. ಒಂದು ರೂಪಾಯಿ ಆಚೀಚೆ ಆಗಲಿಲ್ಲ, ಅದರಲ್ಲಿ ಅವನು ಅವ್ವನ ಮಗನೇ. ಬಿಸಿಲು ಏರಿ ಇಳಿಯುವ ಹೊತ್ತಿಗೆ ಕತ್ತೆಗಳ ಮೇಲಿನ ಉಣ್ಣೆಯೆಲ್ಲ ಓಣಿಯಲ್ಲಿ ಇಳಿದಿತ್ತು. ಬಾಕಿ ಉಳಿದದ್ದು ಒಂದೇ ಒಂದು ರೂಪಾಯಿ.

ಮಾಳ ಹೋದವನು ಬಹಳ ಹೊತ್ತು ಬರಲಿಲ್ಲ. ಕಮ್ಮಾರನ ಮನೆಯ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಕೆಂಚವ್ವನಿಗೆ ಅರ್ಥವಾಯಿತು. “ಬ್ಯಾಡೋ ಮಾಳಾ!” ಅಂತ ಕೂಗಿದಳು. ಅಷ್ಟರಲ್ಲಿ ಮಾಳ ಬಂದ, ಉಳಿಯಿಂದ ಕಡಿದ ಅರ್ಧ ರೂಪಾಯಿ ಹಿಡಿದು.

“ತಗಾ ಅವ್ವಾ. ಮುಟ್ಟಿತಂತ ಕಾಗದ ಕಳಿಸು.”

ದಿನವಿಡೀ ಠಣ್ ಕೇಳಿ ಕೇಳಿ ಕೆಂಚವ್ವನ ಕೈಗೂ ಅದೇ ಚಟ ಹತ್ತಿತ್ತು. ಯೋಚಿಸದೆ ಆ ತುಂಡನ್ನೂ ಕಲ್ಲಿಗೆ ಬಡಿದಳು. ಒಡೆದ ಬೆಳ್ಳಿ ಸದ್ದು ಮಾಡುತ್ತದೆಯೇ? ದಪ್ ಅಂತು.

“ಖೋಟಾ!” ಮಾಳ ಅವಳ ಕೈಯಿಂದ ಕಸಿದು ಬಾವಿಗೆ ಒಗೆದ. “ತಡಿಯವ್ವಾ, ಇನ್ನರ್ಧಾನೂ ಖೋಟಾನೇ ಇರಬೇಕು!” ಓಡಿಹೋಗಿ ಅದನ್ನೂ ತಂದ, ಬಡಿದ, ದಪ್ ಅಂತು, ಅದನ್ನೂ ಬಾವಿಗೆ ಒಗೆದ.

ಓಣಿಗೆ ಓಣಿಯೇ ನಕ್ಕಿತು. ಕುರಿಗಾರರ ಹಿರಿಯ ನೆಲಕ್ಕೆ ಕೂತು ನಕ್ಕ. “ಆ ಒಂದು ರೂಪಾಯಿ ನನ್ನ ಲೆಕ್ಕಕ್ಕ ಹೋಗಲಿ ಬಿಡವ್ವಾ” ಅಂದ. ಕೆಂಚವ್ವ ಮಗನಿಗೆ ಬುದ್ಧಿ ಹೇಳಲು ಬಾಯಿ ತೆರೆದಳು. ಮಾಳ ಕೇಳಲು ಕಿವಿ ನಿಮಿರಿಸಿ ನಿಂತ. ಅವನ ಆ ಮುಖ ನೋಡಿ ಅವಳಿಗೆ ಹೆದರಿಕೆಯಾಯಿತು. ಹೊಟ್ಟೆಯೊಳಗೆ ಅಕ್ಕರೆಯೂ ಆಯಿತು. ಇಡೀ ಬಳ್ಳಾರಿಯ ಜಾಣರು ಕಾಗದ ಹಿಡಿದು ಕೂತಿದ್ದಾರೆ, ತನ್ನ ಅಂಗಳದಲ್ಲಿ ಉಣ್ಣೆ ಬಿದ್ದಿದೆ.

“ಏನೂ ಹೇಳಂಗಿಲ್ಲಪ್ಪಾ ನಿನಗೆ” ಅಂದಳು. “ಸುಮ್ನ ಕೂಡು ಹೋಗು.”

ಮಾಳ ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತ. ಉಣ್ಣೆ ಹಂಚಿದ್ದಾಯಿತು, ಕುರಿಗಾರರು ಹೋದದ್ದಾಯಿತು. ರಾತ್ರಿ ಊಟಕ್ಕೆ ಕರೆದರೆ ಓ ಅನ್ನಲಿಲ್ಲ, ಮಳೆ ಹನಿದರೂ ಅಲ್ಲಾಡಲಿಲ್ಲ. ಬೆಳಿಗ್ಗೆ ನೀರಿಗೆ ಬಂದ ಹೆಂಗಸರು ನೋಡಿದರೆ ಅಲ್ಲೇ ಕೂತಿದ್ದಾನೆ, ತೊಯ್ದು ತೊಪ್ಪೆಯಾಗಿ. ಏಳು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ನಿಮಗೆ ನಾನು ಹೇಳುತ್ತೇನೆ. ಏಳ್ರಿ, ಮನೆಗೆ ಹೋಗ್ರಿ.